ಬಳಗಾನೂರಿನಿಂದ ಎಣಿಸಿದ ಅಲೆಗಳು

ಬಳಗಾನೂರಿನ ಗ್ಯಾನಮ್ಮ ಸಮುದ್ರವನ್ನು ಒಮ್ಮೆಯೂ ನೋಡಿದವಳಲ್ಲ. ಅವಳು ಕಂಡ ದೊಡ್ಡ ನೀರೆಂದರೆ ಎಡದಂಡೆ ಕಾಲುವೆ. ಆದರೂ ಎರಡು ವರ್ಷ ಮೂರು ತಿಂಗಳಿನಿಂದ, ದಿನಾ ಬೆಳಿಗ್ಗೆ ಏಳು ಗಂಟೆಗೆ, ಅರಬ್ಬೀ ಸಮುದ್ರದ ನಡುವಿನ ಒಂದು ಹವಳದ ದಿಬ್ಬದ ಲೆಕ್ಕ ಅವಳ ಬುಕ್ಕಿನಲ್ಲಿ ಬೀಳುತ್ತಿತ್ತು. ಅಲೆ ಎಷ್ಟು ಎತ್ತರ, ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು, ಗಾಳಿ ಯಾವ ಕಡೆಯದು, ನೀರು ಎಷ್ಟು ಬೆಚ್ಚಗಿದೆ. ಬರೆದುಕೊಂಡು, ಹಿಂದಿನ ನಾಲ್ಕಾರು ಸಾಲುಗಳ ಮೇಲೆ ಬೆರಳಾಡಿಸಿ, ಇವತ್ತು ದೋಣಿ ಹೋಗಬಹುದೋ ಬೇಡವೋ ಎಂದು ಹೇಳುತ್ತಿದ್ದಳು. ಅವಳು ಬೇಡ ಎಂದ ದಿನ ಅಲ್ಲಿ ದೋಣಿ ಬಿಡುತ್ತಿರಲಿಲ್ಲ.

ಇದು ಹೇಗೆ ಶುರುವಾಯಿತು ಎಂದರೆ, ಅವಳ ಗಂಡನಿಂದ ಶುರು ಮಾಡಬೇಕು.

ಗಂಡ ಹುಲಿಗೆಪ್ಪ ನೀರಗಂಟಿಯಾಗಿದ್ದ. ಊರ ಹೊರಗಿನ ಉಪಕಾಲುವೆಯ ತೂಬು ಅವನ ಸುಪರ್ದಿನಲ್ಲಿತ್ತು. ತೂಬಿನ ಪಕ್ಕದಲ್ಲಿ ಒಂದು ಗೇಜ್ ಕಲ್ಲು. ಬಿಳಿ ಬಣ್ಣದ ಮೇಲೆ ಕರಿ ಗೆರೆ. ಅಡಿಗೊಂದು ಉದ್ದ ಗೆರೆ, ನಡುವೆ ಗಿಡ್ಡ ಗೆರೆಗಳು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡಿ, ಬುಕ್ಕಿನಲ್ಲಿ ಬರೆದು, ಕಚೇರಿಗೆ ಹೇಳಬೇಕು. ಐವತ್ತು ದಾಟುವ ಮೊದಲೇ ಹುಲಿಗೆಪ್ಪನ ಕಣ್ಣಿಗೆ ಪೊರೆ ಬಂತು. ಆಪರೇಶನ್ನಿಗೆ ಅವನು ಒಪ್ಪಲಿಲ್ಲ. ಒಮ್ಮೆ ಗೆರೆ ಕಾಣದೆ ಅಂದಾಜಿನ ಮೇಲೆ ಬರೆಸಿ, ಸಾಹೇಬರ ಕೈಯಲ್ಲಿ ನಾಯಿಯಂತೆ ಬೈಸಿಕೊಂಡ. ಮಾರನೆಯ ಬೆಳಿಗ್ಗೆ ಅವನ ಜೊತೆ ಗ್ಯಾನಮ್ಮ ಹೋದಳು. ಆಮೇಲೆ ಅವಳೊಬ್ಬಳೇ ಹೋಗತೊಡಗಿದಳು. ಹನ್ನೊಂದು ವರ್ಷ ಗಂಡನ ಹೆಸರಿನಲ್ಲಿ ಅವಳೇ ಗೇಜ್ ನೋಡಿದಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ತನ್ನ ಹೆಸರಿನ ಮೂರು ಅಕ್ಷರ ಮತ್ತು ಹತ್ತು ಅಂಕಿ, ಇಷ್ಟೇ ಅವಳ ವಿದ್ಯೆ. ಆದರೆ ಆ ಹನ್ನೊಂದು ವರ್ಷದ ಬುಕ್ಕುಗಳಲ್ಲಿ ಒಂದು ಅಂಕಿಯನ್ನೂ ಹೊಡೆದುಹಾಕಿ ತಿದ್ದಿದ ಗುರುತಿಲ್ಲ.

ಕಲ್ಲಿನ ಗೆರೆಯ ಜೊತೆಗೆ ಅವಳು ಇನ್ನೊಂದನ್ನೂ ಕಲಿತಿದ್ದಳು. ಮೇಲಿನಿಂದ ನೀರು ಏರಿ ಬರುವಾಗ ಅದು ತೂಬಿನ ಬಾಗಿಲಿಗೆ ಬಡಿಯುವ ಸದ್ದು ಒತ್ತೊತ್ತಾಗಿ ಕೇಳುತ್ತದೆ. ಮೇಲೆ ಗೇಟು ಇಳಿಸಿದರೆ ಬಡಿತ ದೂರ ದೂರವಾಗುತ್ತಾ ಹೋಗಿ, ಕೊನೆಗೆ ನಿಂತುಬಿಡುತ್ತದೆ. ಕತ್ತಲಿರಲಿ, ಮಂಜಿರಲಿ, ಬಡಿತ ಎಣಿಸಿದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅವಳಿಗೆ ತಿಳಿಯುತ್ತಿತ್ತು. ಒಮ್ಮೆಯೂ ತಪ್ಪಿರಲಿಲ್ಲ.

ಹುಲಿಗೆಪ್ಪ ಆರು ವರ್ಷದ ಹಿಂದೆ ಜ್ವರ ಬಂದು ಹೋದ. ಆ ಕೆಲಸಕ್ಕೆ ಬೇರೆಯವರು ಬಂದರು. ಅರ್ಧ ಖಾಲಿ ಉಳಿದ ಕೊನೆಯ ಬುಕ್ಕು ಮನೆಯಲ್ಲೇ ಉಳಿಯಿತು.

ಇನ್ನು ಸಿದ್ದರಾಮ. ಅವನು ಗ್ಯಾನಮ್ಮನ ತಮ್ಮ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಕ್ಕನೇ ಉಣ್ಣಿಸಿ ಬೆಳೆಸಿದಳು. ದೊಡ್ಡವನಾದ ಮೇಲೆ ತನ್ನ ಮಗಳು ನಾಗವೇಣಿಯನ್ನು ಅವನಿಗೇ ಕೊಟ್ಟಳು. ಹೀಗಾಗಿ ಅವನು ತಮ್ಮನೂ ಹೌದು, ಅಳಿಯನೂ ಹೌದು. ಆದರೆ ಅಳಿಯನ ಮರ್ಯಾದೆ ಅವನಿಗೆ ಆ ಮನೆಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಮಸ್ಕಿಯ ಒಬ್ಬ ಮೇಸ್ತ್ರಿಯ ಗ್ಯಾಂಗು ಆ ಹವಳದ ದಿಬ್ಬದ ದ್ವೀಪದಲ್ಲಿ ಪ್ರವಾಸಿಗರ ಕಾಟೇಜು ಕಟ್ಟಲು ಹೊರಟಾಗ ಅವನೂ ಗಾರೆ ಕೆಲಸಕ್ಕೆಂದು ಹೋದ. ಕಟ್ಟಡ ಮುಗಿದು ಗ್ಯಾಂಗು ವಾಪಸಾಯಿತು. ಅಲ್ಲಿನ ಮಾಲಕ ಇಬ್ಬರನ್ನು ಮಾತ್ರ ಉಳಿಸಿಕೊಂಡ: ಕಾಲುವೆಯಲ್ಲಿ ಈಜು ಕಲಿತಿದ್ದ ಸಿದ್ದರಾಮನನ್ನು ದೋಣಿಗೆ, ಮುಕ್ಕುಂದದ ಶೇಕ್ಷಾವಲಿಯನ್ನು ಅಡಿಗೆಗೆ.

"ಏನ್ ಕೆಲಸಲೇ ಅದು?" ಎಂದು ಗ್ಯಾನಮ್ಮ ಮೊದಲ ಸಲ ಫೋನಿನಲ್ಲಿ ಕೇಳಿದ್ದಳು.

"ಮಂದಿನ್ನ ದೋಣ್ಯಾಗ ಕೂಡ್ರಿಸಿಕೊಂಡು ದಿಬ್ಬದ ತುದಿಗೆ ಒಯ್ಯೂದು. ಅಲ್ಲಿ ಅಲಿ ಏಳ್ತಾವ. ಅವರು ಒಂದು ಹಲಗಿ ಮ್ಯಾಲ ನಿಂತು ಅಲಿ ಮ್ಯಾಲ ಜಾರಿಕೋತ ಬರ್ತಾರ. ಸರ್ಫಿಂಗ್ ಅಂತಾರ ಅದಕ್ಕ."

"ಬಿದ್ದರ?"

"ದಿನಾ ಬೀಳ್ತಾರ."

"ರೊಕ್ಕ ಕೊಟ್ಟು ಬೀಳಾಕ ಬರ್ತಾರೇನೋ! ಅವರಿಗೆ ಕಾಲುವಿ ದಂಡಿ ಮ್ಯಾಲ ಸೈಕಲ್ ಹೊಡಿಯಾಕ ಹೇಳು, ಪುಗಸಟ್ಟೆ ಬೀಳ್ತಾರ."

ನಕ್ಕ ಮೇಲೆ ಅವಳು ಕೇಳಿದ ಪ್ರಶ್ನೆ ಗೇಜ್ ನೋಡುವವಳದು: "ಇವತ್ತು ನೀರು ಎಷ್ಟೈತಿ?"

ಸಿದ್ದರಾಮ ಅದನ್ನು ಅಳೆದೇ ಇರಲಿಲ್ಲ. ಅದು ಅವನಿಗೆ ನಾಚಿಕೆ ಅನಿಸಿರಬೇಕು. ಮರುದಿನ ಅವನು ದೋಣಿ ಕಟ್ಟುವ ಕಂಬಕ್ಕೆ ಬಿಳಿ ಬಣ್ಣ ಹೊಡೆದು ಕರಿ ಗೆರೆ ಎಳೆದ. ಅಡಿಗೊಂದು ಉದ್ದ, ನಡುವೆ ಗಿಡ್ಡ. ಅಲೆ ಬಂದಾಗ ನೀರು ಯಾವ ಗೆರೆಯಿಂದ ಯಾವ ಗೆರೆಗೆ ಏರುತ್ತದೆ ಎಂದು ನೋಡಿ, ಎರಡು ಅಲೆಗಳ ನಡುವಿನ ಅಂತರ ಎಣಿಸಿ, ಬೆಳಿಗ್ಗೆ ಏಳಕ್ಕೆ ಅಕ್ಕನಿಗೆ ಹೇಳತೊಡಗಿದ. ಮಾಲಕನ ಫೋನಿನಲ್ಲಿ ಬರುವ ಮುನ್ಸೂಚನೆಯನ್ನೂ ಹೇಳುತ್ತಿದ್ದ. ಗ್ಯಾನಮ್ಮ ಗಂಡನ ಬುಕ್ಕಿನ ಖಾಲಿ ಹಾಳೆಗಳಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಳು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಹೇಳಿದಳು: "ನಿಮ್ಮ ಮಾಲಕನ ಫೋನು ಗಾಳಿ ಬರೋಬ್ಬರಿ ಹೇಳತೈತಿ. ಎತ್ತರ ಮಾತ್ರ ದಿನಾ ಅರ್ಧ ಅಡಿ ಕಮ್ಮಿ ಹೇಳತೈತಿ. ಅವಗ ಹೇಳು." ಮಾಲಕ ನಂಬಲಿಲ್ಲ. ಹದಿನೈದು ದಿನ ತಾನೇ ಕಂಬದ ಮುಂದೆ ನಿಂತು ನೋಡಿದ. ಆಮೇಲೆ ಬೆಳಿಗ್ಗೆ ಚಹಾ ಕುಡಿಯುವಾಗ, "ಬಳಗಾನೂರು ಏನಂತು?" ಎಂದು ಕೇಳುವುದು ಅವನ ರೂಢಿಯಾಯಿತು.

ಗ್ಯಾನಮ್ಮನ ಮಟ್ಟಿಗೆ ಅದು ಉದ್ದನೆಯ ಕಾಲುವೆ, ಅಷ್ಟೇ. ಎಲ್ಲೋ ಮೇಲೆ ಯಾರೋ ನೀರು ಬಿಡುತ್ತಾರೆ. ಅದು ಕೊನೆಯ ತೂಬಿಗೆ ಬಂದು ಬಡಿಯುತ್ತದೆ. ಮಳೆಗಾಲದಲ್ಲಿ ಅಂತರ ಆರು, ಏಳು. ಎತ್ತರ ಎಂಟು ಅಡಿ. ಚಳಿಗಾಲದಲ್ಲಿ ಅಂತರ ಹನ್ನೊಂದು, ಹನ್ನೆರಡು. ಎತ್ತರ ಎರಡು ಅಡಿ. ಬಡಿತ ಒತ್ತಾದರೆ ಏರು, ದೂರಾದರೆ ಇಳಿತ. ಅವಳ ತೂಬಿನ ಲೆಕ್ಕ ಅಲ್ಲೂ ಸರಿಹೋಗಿತ್ತು.

ಈ ವರ್ಷ ಮಾರ್ಚ್ ತಿಂಗಳಿನಿಂದ ಮಾತ್ರ ಒಂದು ಅಂಕಿ ಅವಳಿಗೆ ಹಿಡಿಸಲಿಲ್ಲ. ನೀರಿನ ಬಿಸಿ. ಇಪ್ಪತ್ತೊಂಬತ್ತು ಇದ್ದದ್ದು ಮೂವತ್ತಾಯಿತು, ಮೂವತ್ತೊಂದಾಯಿತು, ಮೂವತ್ತೆರಡಕ್ಕೆ ಬಂದು ನಿಂತಿತು.

"ಕೈ ಇಟ್ಟರ ಜ್ವರ ಬಂದವರ ಮೈ ಮುಟ್ಟಿದಂಗ ಆಗತೈತಿ ಅಕ್ಕ," ಎಂದ ಸಿದ್ದರಾಮ. "ಹವಳ ಎಲ್ಲಾ ಬೆಳ್ಳಗಾಗ್ಯಾವ. ಮ್ಯಾಲಿಂದ ನೋಡಿದರ ಎಲುಬು ಹರವಿದಂಗ ಕಾಣತಾವ. ಮೀನೂ ಇಲ್ಲ ಒಂದೂ."

"ಮೀನು ಎಲ್ಲಿ ಹೋದವು?"

"ಯಾರಿಗೆ ಗೊತ್ತು. ಒಂದಿನ ಇದ್ವು, ಮರುದಿನ ಇಲ್ಲ."

ಆ ದಿನದ ಸಾಲಿನಲ್ಲಿ ಮೀನಿಗೆ ಯಾವ ಅಂಕಿ ಹಾಕಬೇಕೋ ಅವಳಿಗೆ ತಿಳಿಯಲಿಲ್ಲ.

ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆಯಿತು. ಬಂದ್ ಆಗಿ ಹದಿನಾರನೆಯ ದಿನ, ಬೆಳಿಗ್ಗೆ ಏಳಕ್ಕೆ ಫೋನು ಬಂತು. ದ್ವೀಪದಲ್ಲಿ ಎರಡು ದಿನದಿಂದ ನೆಟ್ ಇರಲಿಲ್ಲ. ಮಾತಾಡುವ ಫೋನು ಮಾತ್ರ ನಡೆಯುತ್ತಿತ್ತು. ಹೀಗಾಗಿ ಮಾಲಕನ ಮುನ್ಸೂಚನೆ ಇಲ್ಲ, ಕಂಬದ ಲೆಕ್ಕವೊಂದೇ.

"ಬರಕೋ ಅಕ್ಕ. ಎತ್ತರ ಒಂದಡಿ, ಅದೂ ತುಂಬಿಲ್ಲ. ಗಾಳಿ ಇಲ್ಲ. ನೀರು ಮೂವತ್ತೆರಡು."

"ಅಂತರ?"

"ಅದಾ ನೋಡು ಮಜಾ. ಇಪ್ಪತ್ತೊಂದು."

"ನಿದ್ದಿಗಣ್ಣಾಗ ಎಣಿಸೀಯೇನು?"

"ಮೂರು ಸಲ ಎಣಿಸೀನಿ ಬೇ. ಅಲಿ ಅಂತ ಅನ್ನಾಕೂ ಬರಂಗಿಲ್ಲ. ನೀರು ಸುಮ್ಮನ ಉಸಿರು ಬಿಟ್ಟಂಗ ಏರತೈತಿ, ಇಳಿತೈತಿ. ಹೊರಗ ಸಮುದ್ರ ತಾಟಿನಂಗ ಬಿದ್ದೈತಿ."

"ಮ್ಯಾಲ ಬಂದ್ ಮಾಡ್ಯಾರ ತಗೋ."

"ಸಮುದ್ರಾನೂ ಬಂದ್ ಮಾಡ್ತಾರೇನು?" ಎಂದು ಅವನು ನಕ್ಕ. ಆಮೇಲೆ ಕೆಲಸದ ಮಾತು ತೆಗೆದ. ದಿಬ್ಬದ ತುದಿಯಲ್ಲಿ ದೋಣಿಯ ದಾರಿಯ ಗುರುತಿಗೆಂದು ಒಂದು ಕೆಂಪು ಡಬ್ಬಿ ತೇಲಿಬಿಟ್ಟಿದ್ದರು. ಅದರ ಹಗ್ಗ ಸವೆದಿತ್ತು. ಒಂಬತ್ತರ ಹೊತ್ತಿಗೆ ನೀರಿನ ಇಳಿತ ಇರುತ್ತದೆ. ಆಗ ದಿಬ್ಬದ ಮೇಲೆ ಮೊಣಕಾಲಷ್ಟೇ ನೀರು. ನಡೆದೇ ಹೋಗಿ ಹೊಸ ಹಗ್ಗ ಕಟ್ಟಿ ಬರಬಹುದು. ಬಿಳುಪಾದ ಹವಳ ನೋಡಬೇಕೆಂದು ಇಬ್ಬರು ಅತಿಥಿಗಳೂ ಬರುವವರಿದ್ದರು, ಗಂಡ ಹೆಂಡತಿ.

"ಹೋಗ್ಲೇನಕ್ಕ?"

ಇಪ್ಪತ್ತೊಂದು ಎಂದರೆ ಬಡಿತ ನಿಂತೇಹೋದಂತೆ. ಗ್ಯಾನಮ್ಮ ಹಿಂದೆಮುಂದೆ ನೋಡಲಿಲ್ಲ. "ಹೋಗು. ನೀರು ಇಳದೈತಿ," ಅಂದಳು.

ಫೋನು ಇಡುವ ಮೊದಲು ಅವಳಿಗೆ ಒಂದು ಕೊರತೆ ಅನಿಸಿತು. ದಿನಾ ಅವನ ಮಾತಿನ ಹಿಂದೆ ಒಂದು ಸದ್ದು ಇರುತ್ತಿತ್ತು, ದೂರದಲ್ಲಿ ಯಾರೋ ಎಡಬಿಡದೆ ಮೊರದಲ್ಲಿ ಕಾಳು ಹಸನು ಮಾಡಿದ ಹಾಗೆ. ಇವತ್ತು ಅದು ಇರಲಿಲ್ಲ. ಅವನು ಖಾಲಿ ಕೋಣೆಯಲ್ಲಿ ನಿಂತು ಮಾತಾಡಿದಂತಿತ್ತು. "ಎಲ್ಲಿ ನಿಂತೀದಿಲೇ?" ಎಂದು ಕೇಳಬೇಕೆನ್ನುವಷ್ಟರಲ್ಲಿ ಆ ಕಡೆಯಿಂದ ಒಂದೇ ಒಂದು ಉದ್ದನೆಯ ಸದ್ದು ಕೇಳಿತು. ತುಂಬಿದ ಭತ್ತದ ಚೀಲವನ್ನು ಯಾರೋ ನೆಲದ ಮೇಲೆ ನಿಧಾನವಾಗಿ ಎಳೆದ ಸದ್ದು. ಮತ್ತೆ ಏನೂ ಇಲ್ಲ. ರೂಢಿಯಂತೆ ಅವಳು ಎಣಿಸಲು ಹಿಡಿದಳು. ಹದಿನಾಲ್ಕಕ್ಕೆ ಫೋನು ಕಟ್ಟಾಯಿತು.

ಅಂಕಿಗಳನ್ನು ಬರೆದಳು. ಬುಕ್ಕು ಮುಚ್ಚಿದಳು. ಒಲೆಯ ಮುಂದೆ ಕೂತರೂ ಎಣಿಕೆ ಹದಿನಾಲ್ಕರಲ್ಲಿ ನಿಂತಿದ್ದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂತೆ ಕಾಡಿತು. ಎಂಟೂಕಾಲಿಗೆ ಎದ್ದು ಕಾಲುವೆಯ ಕಡೆ ನಡೆದಳು. ಏನು ನೋಡಲು ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಬಿಸಿಲು ಆಗಲೇ ಚುರುಕಾಗಿತ್ತು. ಎರಡನೇ ಬೆಳೆ ಕೊಯ್ದ ಗದ್ದೆಗಳಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ. ಕಾಲುವೆಯ ತಳದ ಕೆಸರು ಒಣಗಿ ಹಂಚಿನಂತೆ ಒಡೆದಿತ್ತು. ಗೇಜ್ ಕಲ್ಲಿನ ಬುಡದಲ್ಲಿ ಮಾತ್ರ ಒಂದು ಸಣ್ಣ ಗುಂಡಿ. ಅದರಲ್ಲಿ ಮೊಣಕೈಯುದ್ದ ಹಸಿರು ನೀರು. ಗಾಳಿಯಿಲ್ಲ. ನೀರು ಅಲುಗಾಡುತ್ತಿರಲಿಲ್ಲ.

ಅಭ್ಯಾಸದಂತೆ ಅವಳ ಕಣ್ಣು ಗೆರೆಗೆ ಹೋಯಿತು. ನೀರು ಮೊದಲ ಗಿಡ್ಡ ಗೆರೆಗೆ ನಿಂತಿತ್ತು. ಆದರೆ ಕಲ್ಲು ಎರಡನೇ ಗಿಡ್ಡ ಗೆರೆಯವರೆಗೆ ಒದ್ದೆಯಾಗಿತ್ತು.

ಅವಳು ಬಗ್ಗಿ ನೋಡಿದಳು. ಎಮ್ಮೆ ಇಳಿದ ಗುರುತಿಲ್ಲ, ನಾಯಿಯ ಹೆಜ್ಜೆಯಿಲ್ಲ, ಕೊಡ ಅದ್ದಿದವರ ಕಾಲಿನ ಗುರುತಿಲ್ಲ. ಒಣಗಿದ ಕೆಸರಿನ ಮೇಲೆ ತನ್ನ ಹೆಜ್ಜೆ ಮಾತ್ರ. ಕಲ್ಲಿನ ಸುತ್ತ, ಕತ್ತಿಯಿಂದ ಕೊಯ್ದಂತೆ ನೇರವಾದ ಒದ್ದೆಯ ಅಂಚು. ಅದರಿಂದ ಒಂದು ಹನಿ ಇಳಿದು ಗುಂಡಿಗೆ ಬಿತ್ತು. ನೀರು ಈಗಷ್ಟೇ ಅಲ್ಲಿಯವರೆಗೆ ಬಂದು, ವಾಪಸು ಹೋದಂತಿತ್ತು. ಕೈಯಿಟ್ಟಳು. ಒದ್ದೆ ಬೆಚ್ಚಗಿತ್ತು. ಬಿಸಿಲಿಗೆ ಅದು ಒಣಗಬೇಕಲ್ಲ ಎಂದು ನಿಂತು ನೋಡಿದಳು. ಇನ್ನೂರು ಎಣಿಸಿದಳು. ಅಂಚು ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ. ನೀರೂ ಅಲುಗಲಿಲ್ಲ.

ಹನ್ನೊಂದು ವರ್ಷ ಆ ಕಲ್ಲನ್ನು ನೋಡಿದವಳಿಗೆ ಒಂದು ಮಾತು ಗೊತ್ತಿತ್ತು. ಒದ್ದೆಯ ಗುರುತು ನೀರಿಗಿಂತ ಮೇಲಿದ್ದರೆ, ನೀರು ಅಲ್ಲಿಗೆ ಬಂದಿತ್ತು ಎಂದರ್ಥ. ಯಾರೂ ನೋಡದಿದ್ದಾಗ ಬಂದಿತ್ತು. ಹಾಗಾದರೆ ಇಪ್ಪತ್ತೊಂದು ಎಣಿಸುವವರೆಗೂ ಸುಮ್ಮನಿರುವ ನೀರು ಇಳಿದ ನೀರೋ, ಬರಲಿರುವ ನೀರೋ?

ಅವಳು ತಿರುಗಿ ಮನೆಗೆ ನಡೆದಳು. ಓಡಲಿಲ್ಲ, ಎಂದೂ ಓಡಿದವಳಲ್ಲ. ಆದರೆ ಹಿಂದಕ್ಕೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಬುಕ್ಕು ತೆಗೆದು ಅಂತರದ ಸಾಲಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದಳು. ಹತ್ತು, ಹನ್ನೊಂದು, ಹತ್ತು, ಒಂಬತ್ತು. ಹದಿನಾಲ್ಕು ದಾಟಿದ್ದೇ ಇಲ್ಲ. ಹೋದ ವರ್ಷದ ಮೇ ತಿಂಗಳಿಗೆ ಬಂದಾಗ ಬೆರಳು ನಿಂತಿತು. ಇಪ್ಪತ್ತು. ಎತ್ತರ ಒಂದಡಿ. ಗಾಳಿ ಇಲ್ಲ. ಅದರ ಕೆಳಗೆ ಎರಡು ಸಾಲು ಖಾಲಿ.

ಆ ಎರಡು ದಿನ ಟವರ್ ಇರಲಿಲ್ಲ ಎಂದು ಸಿದ್ದರಾಮ ಹೇಳಿದ್ದು ಅವಳಿಗೆ ನೆನಪಿತ್ತು. ಮೂರನೇ ದಿನದ ಸಾಲಿನಲ್ಲಿ ಅಂತರ ಹನ್ನೆರಡು, ಎತ್ತರ ಮೂರಡಿ. ಅವಳು ಕೇಳಿರಲಿಲ್ಲ. ನೋಡದ ಅಂಕಿಯನ್ನು ಬರೆಯಬಾರದೆಂದು ಖಾಲಿ ಬಿಟ್ಟಿದ್ದಳು.

ನಾಗವೇಣಿ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು. "ನಾಗೀ, ಹೋದ ವರ್ಷ ಟವರ್ ಹೋಗಿತ್ತಲ್ಲ, ಆಗ ಅಲ್ಲಿ ಏನಾಗಿತ್ತು?"

"ಯಾವಾಗ?"

"ಮೇ ತಿಂಗಳದಾಗ. ಎರಡು ದಿನ."

ನಾಗವೇಣಿ ಮಷಿನ್ ನಿಲ್ಲಿಸಿದಳು. ತಾಯಿಯ ಮುಖ ನೋಡಿ ಸುಳ್ಳು ಹೇಳುವ ವಿಚಾರ ಬಿಟ್ಟಳು. "ನಿನಗ ಹೇಳಬ್ಯಾಡ ಅಂದಿದ್ದ. ಗಾಳಿಲ್ಲ, ಮಳಿಲ್ಲ, ಸಮುದ್ರ ಎದ್ದು ಬಂತಂತ ಯವ್ವಾ. ಕಟ್ಟಿದ ದೋಣಿ ಹಗ್ಗ ಹರಕೊಂಡು ತೆಂಗಿನ ಗಿಡಕ್ಕ ಹೋಗಿ ಬಡಿದಿತ್ತಂತ. ನೀ ಹೆದರತೀದಿ ಅಂತ..."

"ಎಷ್ಟೊತ್ತಿಗೆ? ಅಂಕಿ ಬರಸಿ ಎಷ್ಟೊತ್ತಿಗೆ ಎದ್ದಿತ್ತು?"

"ಅವತ್ತ. ಮಧ್ಯಾಹ್ನದ ಒಳಗ."

ಗ್ಯಾನಮ್ಮ ಗಡಿಯಾರ ನೋಡಿದಳು. ಒಂಬತ್ತಕ್ಕೆ ಐದು ನಿಮಿಷ. "ಸಿದ್ದಗ ಫೋನ್ ಹಚ್ಚು."

ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದರು, ಮತ್ತೆ ರಿಂಗಾಯಿತು. ನೀರಿಗೆ ಇಳಿಯುವಾಗ ಅವನು ಫೋನನ್ನು ಕೋಣೆಯಲ್ಲೇ ಬಿಡುತ್ತಾನೆಂದು ಇಬ್ಬರಿಗೂ ಗೊತ್ತಿತ್ತು. ನಾಗವೇಣಿ ಅಡಿಗೆಯ ಶೇಕ್ಷಾವಲಿಯ ನಂಬರ್ ಹುಡುಕಿ ಒತ್ತಿ ತಾಯಿಗೆ ಕೊಟ್ಟಳು.

"ಏನಮ್ಮಾ," ಅಂದ ಶೇಕ್ಷಾವಲಿ, ಆ ಕಡೆ ಉಳ್ಳಾಗಡ್ಡಿ ಹೆಚ್ಚುವ ಸದ್ದು, "ಇವತ್ತು ಅನ್ನಕ್ಕ ನೀರು ಎಷ್ಟು ಇಡಬೇಕು ಅಂತ ನನಗೂ ಹೇಳ್ತೀಯೇನು?"

"ಶೇಕ್ಷಾ, ಸಿದ್ದ ಎಲ್ಲಿ ಅದಾನ?"

"ದಿಬ್ಬದ ಮ್ಯಾಲ. ಇಲ್ಲಿಂದ ಕಾಣ್ತಾರ. ಮೂರೂ ಮಂದಿ ಕಾಗಿಯಷ್ಟು ಕಾಣ್ತಾರ. ಅಕ್ಕನ ಹುಕುಂ ಆಗೈತಿ, ಹೊಂಟೆ ಅಂತ ಹೇಳಿ ಹೋದ."

"ವಾಪಸ್ ಕರಿ. ಈಗಿಂದೀಗ."

"ಸಮುದ್ರ ಕೆರಿಯಂಗ ಐತಲ್ಲಮ್ಮ. ಒಂದು ತೆರಿ ಇಲ್ಲ."

"ನಾ ತಪ್ಪು ಹೇಳೀನಿ ಶೇಕ್ಷಾ. ಅಲ್ಲಾನ ಆಣಿ ಮಾಡಿ ಹೇಳ್ತೀನಿ, ತಪ್ಪು ಹೇಳೀನಿ. ನೀರು ಇಳಿದಿಲ್ಲ, ಬರಾಕತ್ತೈತಿ."

ಗ್ಯಾನಮ್ಮ ತಪ್ಪು ಹೇಳಿದ್ದನ್ನು ಶೇಕ್ಷಾವಲಿ ಎಂದೂ ಕೇಳಿರಲಿಲ್ಲ. ಉಳ್ಳಾಗಡ್ಡಿ ಹೆಚ್ಚುವುದು ನಿಂತಿತು. "ಯಾ ಅಲ್ಲಾ," ಅಂದ. ಫೋನು ಆರಿಸದೆ ಅಂಗಿಯ ಜೇಬಿಗೆ ಹಾಕಿಕೊಂಡನೆಂದು ಕಾಣುತ್ತದೆ. ಬಟ್ಟೆಯ ಉಜ್ಜಾಟ, ಪಾತ್ರೆ ಎತ್ತಿದ ಸದ್ದು, ಮರಳಿನಲ್ಲಿ ಓಡುವ ಕಾಲು ಕೇಳಿದವು. ಆಮೇಲೆ ಸೌಟಿನಿಂದ ದೊಡ್ಡ ತಪೇಲಿ ಬಡಿಯುವ ಸದ್ದು. ಢಣ್, ಢಣ್, ಢಣ್. ನಡುನಡುವೆ ಅವನ ಕೂಗು: "ಏ ಸಿದ್ದಾ! ಬರ್ರಲೇ! ಏ!"

ಬಳಗಾನೂರಿನ ಪಡಸಾಲೆಯಲ್ಲಿ ತಾಯಿ ಮಗಳು ಫೋನನ್ನು ಮಷಿನಿನ ಹಲಗೆಯ ಮೇಲಿಟ್ಟು ಬಗ್ಗಿ ಕೂತರು. ಹೊರಗೆ ತರಕಾರಿಯವನು ಕೂಗುತ್ತಾ ಹೋದ. ತಪೇಲಿಯ ಸದ್ದು ಬಿಟ್ಟರೆ ಆ ಕಡೆ ಏನೂ ಇಲ್ಲ. ಸಮುದ್ರದ ಸದ್ದೇ ಇಲ್ಲ.

"ಯವ್ವಾ, ಬಂದಿರಬೇಕು ಅಲ್ಲ? ಕೇಳಿಸಿರಬೇಕು ಅಲ್ಲ?"

"ಸುಮ್ಕಿರು."

ಗ್ಯಾನಮ್ಮನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. ಇಪ್ಪತ್ತೊಂದು. ಏನೂ ಇಲ್ಲ. ಇನ್ನೊಂದು ಇಪ್ಪತ್ತೊಂದು. ಏನೂ ಇಲ್ಲ. ಹೀಗೆ ಹನ್ನೆರಡು ಸಲ. ತಪೇಲಿ ನಿಂತಿತು. ಶೇಕ್ಷಾವಲಿ ಏದುಸಿರಿನಲ್ಲಿ ಯಾರಿಗೋ ಅಲ್ಲ, ತನಗೆ ತಾನೇ ಅಂದ: "ನೀರು ಎಲ್ಲಿ ಹೋತು?"

ಆಗ ಬಂತು. ಭತ್ತದ ಚೀಲ ಎಳೆದ ಸದ್ದು, ಆದರೆ ಈ ಸಲ ಒಂದು ಚೀಲವಲ್ಲ. ಊರಿನ ಎಲ್ಲ ಗೋದಾಮುಗಳ ಎಲ್ಲ ಚೀಲಗಳನ್ನೂ ಒಟ್ಟಿಗೆ ಎಳೆದಂತೆ, ನಿಲ್ಲದೆ, ಹತ್ತಿರ ಬರುತ್ತಾ. ಒಂದು ಹೆಂಗಸಿನ ಚೀರಾಟ ಕೇಳಿತು. ಗ್ಯಾನಮ್ಮ ಎಣಿಸಿದಳು. ಇಪ್ಪತ್ತೊಂದಕ್ಕೆ ಸರಿಯಾಗಿ ಎರಡನೆಯದು. ಅದರೊಳಗೆ ಶೇಕ್ಷಾವಲಿಯ ಕೂಗು ಮುಳುಗಿತು. ಮತ್ತೆ ಎಣಿಸಿದಳು. ಹತ್ತೊಂಬತ್ತಕ್ಕೆ ಫೋನು ಸತ್ತಿತು.

ಆ ಮೂರನೆಯ ಅಲೆ ಅವಳ ಪಾಲಿಗೆ ಬರಲೇ ಇಲ್ಲ. ಬಾರದೆಯೇ ಮಧ್ಯಾಹ್ನದವರೆಗೆ ಪಡಸಾಲೆಯಲ್ಲಿ ನಿಂತಿತ್ತು. ನಾಗವೇಣಿ ಅಳುತ್ತಾ ಮತ್ತೆ ಮತ್ತೆ ನಂಬರ್ ಒತ್ತಿದಳು. ಒಲೆಯ ಮೇಲಿನ ಬೇಳೆ ಸೀದಿತು. ಗ್ಯಾನಮ್ಮ ಗೋಡೆಗೆ ಒರಗಿ, ಹೆಬ್ಬೆರಳನ್ನು ಹತ್ತೊಂಬತ್ತಕ್ಕೆ ನಿಂತ ಗೆಣ್ಣಿನ ಮೇಲೆ ಇಟ್ಟಿದ್ದಳು, ತೆಗೆಯಲಿಲ್ಲ. ತೆಗೆದರೆ ಇಪ್ಪತ್ತಾಗುತ್ತದೆ ಎಂದು ಅವಳಿಗೆ ಅನಿಸಿತ್ತು. ನಲವತ್ತು ವರ್ಷ ತಾನು ಸಾಕಿದವನಿಗೆ ತಾನೇ ಬಾಯಿ ತೆರೆದು ಹೋಗು ಅಂದಿದ್ದಳು. ಬೇರೆ ಯಾರೂ ಹೇಳಿರಲಿಲ್ಲ.

ಒಂದೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅಕ್ಕಾ."

ನಾಗವೇಣಿ ಫೋನು ಕಸಿದುಕೊಂಡು ಬೈಯತೊಡಗಿದಳು. ಬೈಗುಳದ ನಡುವೆ ಅತ್ತಳು. ಫೋನು ಮತ್ತೆ ಗ್ಯಾನಮ್ಮನ ಕೈಗೆ ಬಂದಾಗ ಸಿದ್ದರಾಮ ನಗಲು ನೋಡುತ್ತಿದ್ದ.

"ಬೆನ್ನು ಕೊಬ್ಬರಿ ತುರಿದಂಗ ತುರಿದೈತಿ ಹವಳ. ಮಲಗಾಕ ಬರಂಗಿಲ್ಲ, ಕೂಡ್ರಾಕ ಬರಂಗಿಲ್ಲ. ಶೇಕ್ಷಾನ ತಪೇಲಿ ಕೇಳಿಸ್ತು. ಊಟಕ್ಕ ಕರೀತಾನ, ಇಷ್ಟು ಜಲ್ದಿ ಏನು ಅಂತ ತಿರುಗಿ ನೋಡಿದೆ. ಹಂಗ ತಿರುಗಿದವ್ನು ಕಾಲು ನೋಡಿಕೊಂಡೆ ಅಕ್ಕ. ಕಾಲಾಗ ನೀರಿಲ್ಲ. ಮೊಣಕಾಲುಮಟ ಇದ್ದ ನೀರು ಪೂರ್ತಿ ಜಗ್ಗಿಕೊಂಡು ಹೋಗೈತಿ. ಸುತ್ತ ಬರೇ ಬಿಳಿ ಎಲುಬು. ಒಂದು ಸದ್ದಿಲ್ಲ. ಅವರಿಬ್ಬರಿಗೆ ಓಡ್ರಿ ಅಂದೆ."

"ಅವರು?"

"ದಂಡಿ ಮುಟ್ಟಿದ್ರು. ಎರಡನೇದು ನನ್ನ ಕೆಡವಿತು. ಮೂರನೇದು ಒಳಗ ಎಳಕೊಂಡು ಹೊಂಟಿತ್ತು. ಶೇಕ್ಷಾ ಕೂದಲ ಹಿಡದ. ಅವನ ಫೋನು, ತಪೇಲಿ, ಎರಡೂ ಸಮುದ್ರಕ್ಕ ಹೋದವು. ತಪೇಲಿ ರೊಕ್ಕ ನಿನ್ನ ಕಡೆಯಿಂದ ವಸೂಲ್ ಮಾಡ್ತಾನಂತ."

"ನಾನ ಹೋಗು ಅಂದೆ," ಅಂದಳು ಗ್ಯಾನಮ್ಮ.

"ನೀ ಅಂದಿದ್ದಕ್ಕಲ್ಲ ಬಿಡು. ಮಾಲಕನೂ ಅಂದಿದ್ದ."

"ಸುಳ್ಳು ಹೇಳಬ್ಯಾಡ. ಹೋದ ವರ್ಷ ಹೇಳಿದ್ದು ಸಾಕು. ಆ ಎರಡು ದಿನದ್ದು ಹೇಳು ಈಗ. ಬರಕೋತೀನಿ."

ಅವನು ನೆನಪು ಮಾಡಿಕೊಂಡು ಹೇಳಿದ. ಅಂತರ ಹದಿನೆಂಟು, ಎತ್ತರ ಏಳಡಿ. ಮರುದಿನ ಹದಿನೈದು, ಎತ್ತರ ಒಂಬತ್ತು. ಅವಳು ಖಾಲಿ ಸಾಲುಗಳನ್ನು ತುಂಬಿದಳು. ಬರೆದ ಮೇಲೆ ಅದು ಕಣ್ಣಿಗೆ ರಾಚುವಂತಿತ್ತು. ಮೊದಲು ಅಂತರ ಬರುತ್ತದೆ, ಆಮೇಲೆ ನೀರು ಬರುತ್ತದೆ. ಮಾಲಕ ಹೇಳಿದ್ದನ್ನು ಸಿದ್ದರಾಮ ತಿಳಿಸಿದ: ಎಲ್ಲೋ ಭೂಮಿಯ ಆ ತುದಿಯಲ್ಲಿ ನಾಲ್ಕಾರು ದಿನದ ಹಿಂದೆ ಬೀಸಿದ ಗಾಳಿ, ತಾನು ಸತ್ತ ಮೇಲೂ ತನ್ನ ನೀರನ್ನು ನಡೆಸುತ್ತಲೇ ಇರುತ್ತದೆ. ಅದರ ಮುಂದೆ ಮುಂದೆ ಬರುವುದು ಹೀಗೆ, ಸದ್ದಿಲ್ಲದ ಉಸಿರಿನಂತೆ. ಅವಳ ತೂಬಿನ ಲೆಕ್ಕಕ್ಕೆ ಪೂರ್ತಿ ತಿರುಗುಮುರುಗು.

ಆ ಸಂಜೆ ನಾಗವೇಣಿ ಕಾಲುವೆಯ ಕಡೆ ಹೋಗಿ ಬಂದಳು. ಕಲ್ಲು ಒಣಗಿದೆ ಅಂದಳು. ಎಷ್ಟನೇ ಗೆರೆಯವರೆಗೆ ಎಂದು ಗ್ಯಾನಮ್ಮ ಕೇಳಲಿಲ್ಲ.

ಹತ್ತು ದಿನ ದೋಣಿ ಬಿಡಲಿಲ್ಲ. ಸಮುದ್ರ ಎದ್ದು, ಕುಣಿದು, ಇಳಿಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ಸಿದ್ದರಾಮ ಎಂದಿನಂತೆ ಫೋನು ಮಾಡಿದ. ಎತ್ತರ ಎರಡಡಿ. ಗಾಳಿ ಸ್ವಲ್ಪ, ಬಡಗಣದಿಂದ. ನೀರು ಮೂವತ್ತೆರಡು. ಅಂತರ ಹನ್ನೊಂದು. ಎರಡು ವರ್ಷದ ಬುಕ್ಕಿನಲ್ಲಿ ಇಂಥ ಸಾಲುಗಳು ನೂರಾರಿದ್ದವು. ಪ್ರತಿ ಸಲವೂ ಅವಳು ಹೋಗು ಅಂದಿದ್ದಳು, ಪ್ರತಿ ಸಲವೂ ಅವನು ಹೋಗಿ ಬಂದಿದ್ದ.

"ಹಲಗಿ ಏರಿಸೀನಿ ಅಕ್ಕ. ಆರು ಮಂದಿ ಕುಂತಾರ ದೋಣ್ಯಾಗ. ಮಾಲಕ ಕೇಳಾಕತ್ತಾನ, ಬಳಗಾನೂರು ಏನಂತು ಅಂತ. ಹೋಗ್ಲೇನು?"

ಗ್ಯಾನಮ್ಮ ಬುಕ್ಕು ನೋಡಿದಳು. ಅಂಕಿಗಳೆಲ್ಲ ಒಳ್ಳೆಯವೇ. "ನಾಕು ದಿನದ ಹಿಂದ ಗಾಳಿ ಎಲ್ಲಿ ಬೀಸಿತ್ತು?" ಎಂದು ಕೇಳಿದಳು.

"ಅದು ಯಾರಿಗೆ ಗೊತ್ತಾಗತೈತಿ? ಸಾವಿರಾರು ಮೈಲು ದೂರ. ನೆಟ್ ಇನ್ನೂ ಬಂದಿಲ್ಲ."

"ಹಂಗಾರ ನನಗೂ ಗೊತ್ತಿಲ್ಲ."

ಈ ಮಾತನ್ನು ಅವಳು ಜೀವಮಾನದಲ್ಲಿ ಯಾರಿಗೂ ಹೇಳಿರಲಿಲ್ಲ, ಕಚೇರಿಯ ಸಾಹೇಬರಿಗೂ ಹೇಳಿರಲಿಲ್ಲ. ಆ ಕಡೆ ಸಿದ್ದರಾಮನ ಹಿಂದೆ ಯಾರೋ ಅವನನ್ನು ಅವಸರ ಮಾಡುತ್ತಿದ್ದರು.

"ಫೋನು ಸಮುದ್ರದ ಕಡೆ ಹಿಡಿ," ಅಂದಳು ಗ್ಯಾನಮ್ಮ.

ಅವನು ಹಿಡಿದ. ದೂರದಲ್ಲಿ ಅಲೆ ಮುರಿದ ಸದ್ದು ಕೇಳಿತು. ಹೆಬ್ಬೆರಳು ಮೊದಲ ಗೆಣ್ಣಿಗೆ ಬಂತು. ಹನ್ನೊಂದಕ್ಕೆ ಇನ್ನೊಂದು ಅಲೆ. ಮತ್ತೆ ಹನ್ನೊಂದಕ್ಕೆ ಇನ್ನೊಂದು. ನಾಲ್ಕನೆಯದಕ್ಕೆ ಅವಳು ಕಣ್ಣು ಮುಚ್ಚಿದಳು. ಹತ್ತು. ಹನ್ನೊಂದು. ಹನ್ನೆರಡು. ಹದಿಮೂರು.

"ಅಕ್ಕಾ? ಏನಂತೀ?"

"ದೋಣಿ ಬಿಡಬ್ಯಾಡ," ಅಂದಳು ಅವಳು. "ಇನ್ನೂ ಎಣಿಸಾಕತ್ತೀನಿ."